ಬೂದುಗಣ್ಣಿ – ೯: ಎಡಕ್ಕೆ ತಿರುಗಿದ ಬಿರಡೆ

ಸತ್ತಿರಬೇಕಾಗಿದ್ದ ನೊಣವೊಂದು ಗಾಜಿನ ಒಳಗೆ ಕೂತು, ಗಂಜಿಯ ಮುಖ ನೋಡುತ್ತ ಮುಂಗಾಲು ಉಜ್ಜಿಕೊಂಡಿತು.

ನೊಣ ಸಾಕುವ ತಣ್ಣನೆಯ ಕೋಣೆಯಲ್ಲಿ ಗಂಜಿ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ನೆಲಕ್ಕಿಟ್ಟ. ಹೆಬ್ಬೆರಳು ಗಾತ್ರದ ಆ ಸೀಸೆಯನ್ನು ಟ್ಯೂಬ್‌ಲೈಟಿಗೆ ಹಿಡಿದ. ಒಂದಲ್ಲ, ಇಪ್ಪತ್ತು ಮೂವತ್ತು ಹಣ್ಣುನೊಣ ಹರಿದಾಡುತ್ತಿದ್ದವು. ಸುತ್ತಲಿನ ನೂರಾರು ಸೀಸೆಗಳ ನೊಣಗಳಿಗೆಲ್ಲ ಕೆಂಪು ಕಣ್ಣು. ಇವುಗಳ ಕಣ್ಣು ಮಾತ್ರ ಆರಿದ ಒಲೆಯಿಂದ ಚಿಟಿಕೆ ಬೂದಿ ತೆಗೆದು ಇಟ್ಟ ಹಾಗೆ.

ಬೂದುಗಣ್ಣಿ!

ಹನ್ನೊಂದು ವಾರದ ಹಿಂದೆ ಅಕ್ಕ ಕಾಣೆಯಾದ ದಿನ, ಈ ಜಾತಿಯ ನೊಣದ ಸೀಸೆಗಳೆಲ್ಲ ತೊಳೆಯುವ ಕೋಣೆಯ ಡ್ರಮ್ಮಿನಲ್ಲಿ ಬೆಂದು ಸಿಕ್ಕಿದ್ದವು. ಕೊಂದು ಓಡಿಹೋದಳು ಎಂದು ಇಡೀ ಸಂಶೋಧನಾಲಯ ಷರಾ ಬರೆದುಬಿಟ್ಟಿತ್ತು. ನಾಳೆ ಬುಧವಾರ ನಾಲ್ಕು ಗಂಟೆಗೆ ವಿಚಾರಣಾ ಸಮಿತಿ ಅದಕ್ಕೆ ಸಹಿ ಹಾಕಲಿತ್ತು. ಆಮೇಲೆ ಪೊಲೀಸರೂ ಕಡತ ಕಟ್ಟಿ ಮೇಲಿಡುತ್ತಾರೆ. ಅಕ್ಕನನ್ನು ಹುಡುಕುವವರು ಅಲ್ಲಿಗೆ ಯಾರೂ ಇಲ್ಲ.

ಈಗ ನೋಡಿದರೆ ಬೂದುಗಣ್ಣಿ ಬದುಕಿದೆ!

ಗಂಜಿಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದವನು ಇಲ್ಲೇ ಸಂಶೋಧನೆ ಮಾಡುತ್ತಿದ್ದ ಅಕ್ಕನ ಮಾತಿನ ಬಲದಿಂದ ನೊಣಗಳ ಅಡುಗೆಯವನಾಗಿದ್ದ. ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಈಸ್ಟು ಹಾಕಿ ದಿನಕ್ಕೆರಡು ಹಂಡೆ ಗಂಜಿ ಕಾಯಿಸಿ ಸೀಸೆಗಳಿಗೆ ಸುರಿಯುವುದು ಅವನ ಕೆಲಸ. ಲಕ್ಷಾಂತರ ನೊಣಗಳು ಅವನ ಕೈಯಡುಗೆ ಉಂಡಿದ್ದವು. ಒಂದಾದರೂ ರುಚಿ ಚೆನ್ನಾಗಿದೆ ಅಂದಿರಲಿಲ್ಲ.

ಹಳೆಯದು ಹೊಸದು ಗೊತ್ತಾಗಲೆಂದು ವಾರಕ್ಕೊಂದು ಬಣ್ಣ ಬೆರೆಸುವುದು ಅವನೇ ಕಂಡುಕೊಂಡ ಉಪಾಯ. ಈ ವಾರ ಹಸಿರು. ಈ ಸೀಸೆಯ ತಳದಲ್ಲಿದ್ದದ್ದು ನೀಲಿ. ಹೋದ ವಾರದ್ದು.

ಈ ತಣ್ಣನೆಯ ಕೋಣೆಯಲ್ಲೂ ನಾಲ್ಕು ವಾರಕ್ಕೊಮ್ಮೆ ನೊಣಗಳನ್ನು ಹೊಸ ಸೀಸೆಗೆ ದಾಟಿಸಲೇಬೇಕು. ಇಲ್ಲದಿದ್ದರೆ ವಂಶ ನಿರ್ವಂಶ. ಅಂದರೆ ಯಾರೋ ದಾಟಿಸುತ್ತಲೇ ಬಂದಿದ್ದಾರೆ. ಹೋದ ವಾರ ಕೂಡ.

ಆಮೇಲೆ ಅವನ ಕಣ್ಣು ಸೀಸೆಯ ಬಾಯಿಗೆ ಹೋಯಿತು.

ಇಲ್ಲಿ ಎಲ್ಲರೂ ಸೀಸೆಗೆ ಹತ್ತಿ ತುರುಕುತ್ತಾರೆ, ಕಿವಿಗೆ ತುರುಕಿದಂತೆ. ಇದು ತುರುಕಿದ್ದಲ್ಲ. ಮೂರು ಮಡಿಕೆ, ಒಂದು ಸುತ್ತು, ತುದಿಯನ್ನು ಒಳಗೆ ಸಿಕ್ಕಿಸಿ ಇಲಿಯ ಕಿವಿಯಷ್ಟು ಚೂರು ಮಾತ್ರ ಹೊರಗೆ. ಅಮ್ಮನ ಬಿರಡೆ! ಅಮ್ಮ ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಾಟಲಿಗಳ ಬಾಯಿ ಮುಚ್ಚುತ್ತಿದ್ದವಳು. ಮಕ್ಕಳಿಬ್ಬರೂ ಅವಳಿಂದಲೇ ಕಲಿತವರು. ಅಮ್ಮ ಈಗಿಲ್ಲ. ಈ ಸೀಸೆಯನ್ನು ಗಂಜಿ ಮುಟ್ಟಿಲ್ಲ. ಈ ವಿದ್ಯೆ ಬರುವ ಇನ್ನೊಂದು ಕೈ ಅಂದರೆ...

"ಅಕ್ಕಾ," ಎಂದ, ಯಾರೂ ಇಲ್ಲದ ಕೋಣೆಗೆ. ಹನ್ನೊಂದು ವಾರದಿಂದ ಆ ಪದದಿಂದ ಯಾರನ್ನೂ ಕರೆದಿರಲಿಲ್ಲ. ನಾಲಿಗೆಗೆ ತುಕ್ಕು ಹಿಡಿದಂತಿತ್ತು.

ಬಿರಡೆಯನ್ನು ಮೆಲ್ಲಗೆ ಕಿತ್ತು ಅಂಗಿಯ ಜೇಬಿಗೆ, ಎದೆಯ ಕಡೆಗೆ ಇಟ್ಟುಕೊಂಡ. ಸೀಸೆಯ ಬಾಯಿಗೆ ಹೆಬ್ಬೆರಳು ಒತ್ತಿಕೊಂಡೇ ಹೊಸ ಹತ್ತಿಗೆಂದು ತನ್ನ ಅಡುಗೆಕೋಣೆಗೆ ಓಡಿದ. ಕೊರಳಲ್ಲಿದ್ದ ಕೀಲಿಯಿಂದ ಬೀಗ ತೆಗೆದ. ಬೀಗ ಹೊಸದು. ಗಂಜಿ ತುಂಬಿದ ಸೀಸೆಗಳು ವಾರವಾರವೂ ಎರಡು ಮೂರು ಮಾಯವಾಗುತ್ತಿದ್ದುದಕ್ಕೆ ರೇಗಿ, ಹೋದ ವಾರ ಸೋಮವಾರ ಬೆಳಿಗ್ಗೆ ತಾನೇ ಜಡಿದದ್ದು. ಬೀಗದ ಮೇಲೆ ದಪ್ಪ ಅಕ್ಷರದ ಚೀಟಿ: "ಕದಿಯುವವರಿಗೆ ಇಲ್ಲಿ ಒಂದು ತೊಟ್ಟೂ ಇಲ್ಲ. ಬಂದ ದಾರಿಗೆ ಸುಂಕವಿಲ್ಲ. — ಗಂಜಿ." ಅದನ್ನು ಓದಿ ವಿದ್ಯಾರ್ಥಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೋ ಎಂದು ಅಕ್ಕ ಸಾವಿರ ಸಲ ಕೇಳಿದ್ದಳು.

*

ಕಿಟಕಿಯಮ್ಮ ಇರುವುದು ನೆಲಮಾಳಿಗೆಯಲ್ಲಿ. ಡಿಎನ್‌ಎ ಓದುವ ಯಂತ್ರದ ಒಡತಿ. ಅವಳ ಕೋಣೆಗೆ ಯಾರಿಗೂ ಪ್ರವೇಶವಿಲ್ಲ. ಒಬ್ಬರ ಉಸಿರು, ಇನ್ನೊಬ್ಬರ ಕೂದಲು ಬಿದ್ದರೆ ಓದುವುದೆಲ್ಲ ಕಲಸುಮೇಲೋಗರ. ಗೋಡೆಯಲ್ಲಿ ಒಂದು ಗೇಣಗಲದ ಕಿಟಕಿ. ನೊಣ ಒಳಕ್ಕೆ ಹೋಗುತ್ತದೆ, ಕಾಗದ ಹೊರಕ್ಕೆ ಬರುತ್ತದೆ. ಗಂಜಿ ಅವಳ ಮುಖಕ್ಕಿಂತ ಅವಳ ಕೈ ನೋಡಿದ್ದೇ ಹೆಚ್ಚು.

"ಏನೋ ಗಂಜಿ, ಊಟದ ಹೊತ್ತಲ್ಲಿ? ನನಗೂ ಒಂದು ಸೀಸೆ ತಂದ್ಯಾ?"

"ಹೋದ ವಾರ ಕೊಟ್ಟೆನಲ್ಲಮ್ಮ, ಕೋಣೇಲಿ ನೊಣ ಜಾಸ್ತಿ, ಹಿಡಿಯೋಕೆ ಬೇಕು ಅಂತ ಇಸ್ಕೊಂಡ್ರಲ್ಲ. ಬಿದ್ದವಾ?"

"ಬಿದ್ದವು, ಬಿದ್ದವು. ಏನೀಗ?"

ಗಂಜಿ ಸೀಸೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಒಳಗಿನ ಕೈ ಅದನ್ನು ತಟ್ಟನೆ ಒಳಕ್ಕೆ ಎಳೆದುಕೊಂಡಿತು.

"ಇದನ್ನ ಓದಿಕೊಡಿ ಅಮ್ಮ. ಬೇರೆ ನೊಣಗಳ ಜೊತೆ ಹೋಲಿಸಿ. ಅಕ್ಕ ಹೋಲಿಸ್ತಿದ್ಲಲ್ಲ, ಹಾಗೇ."

"ನಿಮ್ಮಕ್ಕನ ಮುಖ ನಾನು ಸರಿಯಾಗಿ ನೋಡಿದವಳೂ ಅಲ್ಲ ಕಣೋ," ಎಂದಳು ಕಿಟಕಿಯಮ್ಮ. "ಕಿಟಕಿ ವ್ಯವಹಾರ. ಕೈಬರಹ ಗೊತ್ತು. ಬೆರಳು ಗೊತ್ತು. ತೋರುಬೆರಳಲ್ಲಿ ಒಂದು ಸುಟ್ಟ ಕಲೆ."

ಆ ಕಲೆ ಅವನ ಹಂಡೆಯದು. ಮೊದಲ ದಿನ ಗಂಜಿ ತಿರುವುವುದನ್ನು ಹೇಳಿಕೊಡಲು ಬಂದು ಸುಟ್ಟುಕೊಂಡಿದ್ದಳು.

"ಐದು ನೊಣ ಸಾಕು. ಆದ್ರೆ ಸೀಸೆ ಇಲ್ಲೇ ಇರ್ಲಿ. ಮೇಲೆ ಇಟ್ಟೀಯ, ಬೇಲಿಯೇ ಎದ್ದು ಹೊಲ ಮೇಯೋ ಜಾಗ ಅದು. ನಾಳೆ ಮಧ್ಯಾಹ್ನ ಬಾ. ಬಾಯಿ ಬಿಡಬೇಡ. ನಿನ್ನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ."

*

ಸಂಜೆ ಮನೆಗೆ ಹೋದಾಗ ಎರಡು ಮಂಚದ ಕೋಣೆ ಎಂದಿನಂತೆ ಅರ್ಧ ಖಾಲಿಯಿತ್ತು.

ಅಕ್ಕನ ಹಾಸಿಗೆಯ ಮೇಲೆ ಹನ್ನೊಂದು ವಾರದಿಂದ ಒಂದು ಸುಕ್ಕಿಲ್ಲ. ಗುಡಿಸುವಾಗ ಅವಳ ಚಪ್ಪಲಿ ಎತ್ತಿ, ಗುಡಿಸಿ, ಅದೇ ಗೆರೆಯಲ್ಲಿ ಮತ್ತೆ ಇಡುತ್ತಾನೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಡಿಸಿಲ್ಲ. ಬಿಡಿಸಿದರೆ ಮಾರುದ್ದ ಬರುತ್ತದೆ, ಅಂಥ ಜಡೆ ಅವಳದು. ಅವಳಿದ್ದಾಗ ದಿನಾ ಫ್ಯಾನಿನ ವೇಗಕ್ಕೆ ಜಗಳ. ಅವಳಿಗೆ ನಾಲ್ಕು ಬೇಕು, ಇವನಿಗೆ ಎರಡು. ಈಗ ನಾಲ್ಕರಲ್ಲೇ ಇಟ್ಟು, ಚಳಿಗೆ ಮುದುಡಿ ಮಲಗುತ್ತಾನೆ.

ಜೇಬಿನ ಬಿರಡೆಯನ್ನು ಅಂಗೈ ಮೇಲೆ ಇಟ್ಟುಕೊಂಡ. ಪಕ್ಕದಲ್ಲಿ ತಾನೂ ಒಂದನ್ನು ಮಡಚಿ ಇಟ್ಟ. ಸುಮ್ಮನೆ. ಜೊತೆಗಿರಲಿ ಎಂದು.

ಅಕ್ಕ ಒಮ್ಮೆ ಅಡುಗೆಕೋಣೆಯ ಗೋಡೆಯ ಮೇಲಿನ ಚೀಟಿ ತೋರಿಸಿ ಹೇಳಿದ್ದಳು. ಗಂಜಿ ಕಾಯಿಸುವ ಕ್ರಮ ಬರೆದ ಚೀಟಿ ಅದು.

"ಇದರಲ್ಲಿ 'ಕುದಿಸಿ ಆರಿಸಿ' ಅನ್ನೋ ಸಾಲು ಎರಡು ಸಲ ಇದೆ ನೋಡು. ನಕಲು ಮಾಡಿದೋರು ಕಣ್ಣುತಪ್ಪಿ ಬರ್ದಿದ್ದಾರೆ."

"ಅಯ್ಯೋ, ಎರಡು ವರ್ಷದಿಂದ ಎರಡೆರಡು ಸಲ ಕುದಿಸ್ತಿದೀನಲ್ಲಕ್ಕಾ!"

"ನೀನೊಬ್ಬನೇ ಅಲ್ಲ. ಇನ್ನೂ ಎರಡು ಸಂಶೋಧನಾಲಯದಲ್ಲಿ ನೋಡಿದೀನಿ, ಅಲ್ಲೂ ಎರಡೆರಡು ಸಲ ಕುದಿಸ್ತಾರೆ. ಅಂದ್ರೆ ಮೂರೂ ಚೀಟಿಗೆ ತಾಯಿ ಒಂದೇ. ನೊಣದ ಡಿಎನ್‌ಎನೂ ಹೀಗೇ ಕಣೋ. ತಲೆಮಾರಿಂದ ತಲೆಮಾರಿಗೆ ನಕಲಾಗ್ತಾ ಬರುತ್ತೆ, ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತೆ. ಸರಿಯಾಗಿರೋದು ಎಲ್ಲರ ಹತ್ರಾನೂ ಇರುತ್ತೆ, ಅದರಿಂದ ಏನೂ ತಿಳಿಯಲ್ಲ. ಒಂದೇ ತಪ್ಪು ಇಬ್ಬರ ಹತ್ರ ಇದ್ರೆ ಅವರು ಹತ್ತಿರದ ನೆಂಟರು. ತಪ್ಪೇ ತಾಯಿಯನ್ನ ತೋರಿಸೋದು."

ಒಂಬತ್ತು ಜಾತಿಯ ನೊಣಗಳನ್ನು ಅವಳು ಹೀಗೆ ಹೋಲಿಸಿ, ಯಾರು ಯಾವಾಗ ಯಾರಿಂದ ಕವಲೊಡೆದರು ಎಂದು ಒಂದು ಮರ ಬರೆದಿದ್ದಳು. ಆ ಮರ ಮುಗಿದ ವಾರವೇ ಕಾಣೆಯಾಗಿದ್ದಳು.

ಗಂಜಿ ಎರಡೂ ಬಿರಡೆಗಳನ್ನು ನೋಡುತ್ತ ಕೂತ. ಒಮ್ಮೆಲೇ ಬೆನ್ನು ನೆಟ್ಟಗಾಯಿತು.

ಅವನ ಬಿರಡೆಯ ಇಲಿಕಿವಿ ಬಲಕ್ಕಿತ್ತು. ಸೀಸೆಯ ಬಿರಡೆಯದು ಎಡಕ್ಕೆ.

ತಿರುಗಿಸಿದ. ಮತ್ತೆ ತಿರುಗಿಸಿದ. ಎಡವೇ.

ಆರು ವರ್ಷದವನಿದ್ದಾಗ ಅವನೂ ಹೀಗೇ ಎಡಕ್ಕೆ ಮಡಚುತ್ತಿದ್ದ. ಅಮ್ಮ ತಲೆಗೊಂದು ಮೊಟಕಿ ಹೇಳಿದ್ದಳು: "ಎದುರಿಗೆ ಕೂತು ನೋಡಿದ್ರೆ ನನ್ನ ಬಲ ನಿನಗೆ ಎಡ ಆಗುತ್ತೆ. ಎದ್ದು ಈ ಕಡೆ ಬಾ, ಅಕ್ಕನ ಪಕ್ಕ." ಅವತ್ತಿನಿಂದ ಅಕ್ಕನ ತೊಡೆಗೆ ತೊಡೆ ತಾಗಿಸಿ ಕೂತು ಬಲಕ್ಕೆ ಮಡಚಲು ಕಲಿತಿದ್ದ.

ಇದು ಅಕ್ಕನ ಕೈ ಅಲ್ಲ.

ಮಧ್ಯಾಹ್ನದಿಂದ ಎದೆಯಲ್ಲಿ ಹೊತ್ತು ತಿರುಗಿದ್ದ ಬೆಚ್ಚನೆಯದೊಂದು ತಟ್ಟನೆ ತಣ್ಣಗಾಯಿತು. ಬಿರಡೆಯನ್ನು ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಇದು ಅಕ್ಕನ ಕೈ ಅಲ್ಲ, ಸರಿ. ಆದರೆ ಅಕ್ಕನ ಕೈಯ ನಕಲು. ತಪ್ಪಾದ ನಕಲು. ಯಾರೋ ಅಕ್ಕನ ಎದುರಿಗೆ ಕೂತಿದ್ದಾರೆ. ಒಂದು ಸಲವಲ್ಲ, ಬೆರಳಿಗೆ ಅಭ್ಯಾಸವಾಗುವಷ್ಟು ಸಲ.

ಅವರು ಯಾರೇ ಇರಲಿ, ಕೊಲೆಗಾರನೇ ಇರಲಿ, ಅವರನ್ನು ನೋಡಬೇಕು. ಅಕ್ಕನ ಎದುರಿಗೆ ಕೂತ ಕಣ್ಣನ್ನು ನೋಡಿದರೆ ಅಕ್ಕನನ್ನು ಅರ್ಧ ನೋಡಿದಂತೆ.

*

"ಬಾರಯ್ಯ," ಎಂದರು ದೊಡ್ಡಸಾರ್ ಮರುದಿನ ಬೆಳಿಗ್ಗೆ. ಬೂದುಗಣ್ಣಿಯಿಂದ ಹೆಸರು ಮಾಡಿದ್ದ ದೊಡ್ಡ ಮನುಷ್ಯ. ಅವರ ಬೆನ್ನ ಹಿಂದೆ ಗೋಡೆಯ ತುಂಬ ನೊಣಗಳ ವಂಶವೃಕ್ಷ. ಬುಡದಲ್ಲಿ, ಎಲ್ಲರಿಗಿಂತ ಮೊದಲು ಕವಲೊಡೆದ ಅಜ್ಜಿಯಾಗಿ, ಬೂದುಗಣ್ಣಿ.

"ನಾಲ್ಕಕ್ಕೆ ಸಮಿತಿ ಕೂರುತ್ತೆ. ನೀನು ತಮ್ಮ ಅಂತ ಇಲ್ಲೊಂದು ಸಹಿ ಹಾಕ್ಬಿಡು. ಅಕ್ಕ ತಾನಾಗೇ ಹೋಗಿದ್ದಾಳೆ, ಯಾರ ಮೇಲೂ ಅನುಮಾನ ಇಲ್ಲ. ಅಷ್ಟೇ."

ಗಂಜಿ ಪೆನ್ನು ಮುಟ್ಟಲಿಲ್ಲ. ತಂದಿದ್ದ ಕೆಂಪುಗಣ್ಣಿನ ಸೀಸೆಯನ್ನೂ ಒಂದಿಷ್ಟು ಹತ್ತಿಯನ್ನೂ ಮುಂದೆ ಚಾಚಿದ. "ಸಾರ್, ಕೈಯೆಲ್ಲ ಕಾಕಂಬಿ. ಇದಕ್ಕೊಂಚೂರು ಬಿರಡೆ ಹಾಕ್ತೀರಾ? ಹಾರಿಹೋಗ್ತವೆ."

"ನಾನಾ?" ದೊಡ್ಡಸಾರ್ ಹತ್ತಿಯನ್ನು ಉಂಡೆ ಕಟ್ಟಿ ತುರುಕಿದರು. ಅರ್ಧ ಒಳಗೆ, ಅರ್ಧ ಮೇಜಿನ ಮೇಲೆ. ಎರಡು ನೊಣ ಹಾರಿ ಹೋಗಿ ಅವರ ವಂಶವೃಕ್ಷದ ಮೇಲೇ ಕೂತವು.

ಇವರಲ್ಲ. ಈ ಮನುಷ್ಯ ಯಾರ ಎದುರಿಗೂ ಕೂತು ಏನನ್ನೂ ಕಲಿತವನಲ್ಲ.

"ನಿಮ್ಮ ಅಜ್ಜಿನೊಣ ಅಜ್ಜಿ ಅಲ್ಲ ಅಂದಿದ್ಲು ಅಕ್ಕ," ಎಂದ ಗಂಜಿ.

"ಅದಕ್ಕೆ ನಾನೇನಾದ್ರೂ ಮಾಡಿದೀನಿ ಅಂತಾನಾ?"

"ನಾನು ಹಾಗನ್ನಲಿಲ್ಲ ಸಾರ್. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೋತೀರಿ?"

ದೊಡ್ಡಸಾರ್ ನಕ್ಕರು. ಕಣ್ಣು ನಗಲಿಲ್ಲ. "ಸೌಟು ಹಿಡಿಯೋನು ನನಗೆ ವಿಕಾಸದ ಪಾಠ ಹೇಳ್ತಾನೆ! ಎಷ್ಟು ಜನರನ್ನ ನೋಡಿದೀನಯ್ಯಾ. ಕತ್ತಿನವರೆಗೆ ಕೂದಲು ಕತ್ತರಿಸ್ಕೊಂಡು, ಪ್ರಪಂಚ ತಿದ್ದೋಕೆ ಹೊರಡೋ ನಿಮ್ಮಕ್ಕನಂಥ ಹುಡುಗೀರನ್ನ. ನಾಲ್ಕು ದಿನದ ಆವೇಶ."

ಗಂಜಿ ಪೆನ್ನನ್ನು ಅವರತ್ತ ಹಿಂದಕ್ಕೆ ತಳ್ಳಿದ. "ಸೌಟು ಹಿಡಿದವನಿಗೆ ತಳ ಹತ್ತಿದ್ದು ಮೊದಲು ಗೊತ್ತಾಗುತ್ತೆ ಸಾರ್. ಸಹಿ ನಾಲ್ಕು ಗಂಟೆಗೆ. ಎಲ್ಲರ ಮುಂದೆ."

ಬಾಗಿಲನ್ನು ಅವನು ಎಳೆದ ರಭಸಕ್ಕೆ ನೊಣಗಳೆರಡೂ ಎದ್ದು ಹಾರಿದವು.

*

"ನೂಲಿನಂತೆ ಸೀರೆ ಕಣೋ!" ಕಿಟಕಿಯಿಂದ ಕಾಗದ ಬಂತು, ಹಿಂದೆಯೇ ಕಿಟಕಿಯಮ್ಮನ ದನಿ. "ಆರುನೂರು ಅಕ್ಷರ ಓದಿದೆ. ಮಾಮೂಲಿ ಕೆಂಪುಗಣ್ಣಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಗೊತ್ತಾ? ಎರಡು! ದೊಡ್ಡಸಾರ್ ಬರ್ದಿರೋದು ಅರವತ್ತು. ಅದಕ್ಕಿಂತ ಮುಖ್ಯ, ಕೆಂಪುಗಣ್ಣೀಲಿ ಮಾತ್ರ ಇರೋ ಹನ್ನೊಂದು ತಪ್ಪಿವೆ, ಬೇರೆ ಯಾವ ಜಾತೀಲೂ ಇಲ್ಲ. ಆ ಹನ್ನೊಂದೂ ಇದರಲ್ಲಿವೆ."

"ಅಂದ್ರೆ ಅಜ್ಜಿ ಅಲ್ಲ?"

"ಎಲ್ಲಿಯ ಅಜ್ಜಿ? ಮೊನ್ನೆ ಹುಟ್ಟಿದ ಮೊಮ್ಮಗಳು. ಕಣ್ಣಿನ ಬಣ್ಣ ಒಂದು ಬೇರೆ, ಅಷ್ಟೇ. ನಿಮ್ಮಕ್ಕ ಬರೆದ ಮರವೇ ಸರಿ."

ಗಂಜಿ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಕ್ಕ ಇದನ್ನು ನೋಡಬೇಕಿತ್ತು. ನೋಡಿ, ಏನೂ ಹೇಳದೆ, ಅವನ ತಲೆಗೂದಲು ಕೆದರಿ ಹೋಗಬೇಕಿತ್ತು.

"ಸೀಸೆ ಕೊಡಿ ಅಮ್ಮ. ಸಮಿತಿ ಮುಂದೆ ಇಡ್ತೀನಿ. ಕೊಂದವಳಲ್ಲ, ಉಳಿಸಿದವಳು ಅಂತ."

"ತಡಿ, ತಳವೆಲ್ಲ ಅಂಟಾಗಿದೆ. ಹೊಸದಕ್ಕೆ ದಾಟಿಸಿ ಕೊಡ್ತೀನಿ. ಹಸಿರು ಸೀಸೆ ಇದ್ರೆ ಕೊಡು."

ಅವನು ಕೊಟ್ಟ. ಒಳಗಿನ ಎರಡು ಕೈಗಳು ಹಳೆಯ ಸೀಸೆಯ ಬಾಯನ್ನು ಹೊಸದರ ಬಾಯಿಗೆ ಕೂಡಿಸಿ ತಟ್ಟಿದವು. ಬೂದುಗಣ್ಣುಗಳು ಉದುರಿ ಕೆಳಗೆ ಬಿದ್ದವು. ಕೈಗಳು ಹತ್ತಿ ತೆಗೆದುಕೊಂಡವು.

ಮೂರು ಮಡಿಕೆ. ಒಂದು ಸುತ್ತು.

ತುದಿಯನ್ನು ಒಳಗೆ ಸಿಕ್ಕಿಸಿ, ಇಲಿಯ ಕಿವಿಯಷ್ಟನ್ನು ಹೊರಗೆ ಬಿಟ್ಟವು. ಎಡಕ್ಕೆ.

ಗಂಜಿ ಕಿಟಕಿಯೊಳಗೆ ಕೈ ಹಾಕಿ ಆ ಮಣಿಕಟ್ಟನ್ನು ಹಿಡಿದುಕೊಂಡ.

"ಅಕ್ಕನ ಮುಖ ನೋಡಿಲ್ಲ ಅಂದ್ರಲ್ಲಮ್ಮ."

ಕೈ ಬಿಡಿಸಿಕೊಳ್ಳಲಿಲ್ಲ. ದನಿ ಮಾತ್ರ ಬಂತು. ತಗ್ಗಿದ ದನಿ.

"ಹನ್ನೊಂದು ವಾರ ಬೇಕಾಯ್ತೇನೋ ನಿನಗೆ? ಅವಳೂ ಹಾಗೇ ಅಂದಿದ್ಲು. ನನ್ನ ತಮ್ಮ ದಡ್ಡ ಅಲ್ಲ, ನಿಧಾನ ಅಂತ."

"ಬದುಕಿದ್ದಾಳಾ?"

"ಐಸ್ ತರೋ ಹಿಂಬಾಗಿಲಿಂದ ಪ್ರತಿ ಸೋಮವಾರ ಬರ್ತಿದ್ಲು. ಯಾರಿಗೆ ಹೆದರಿ ಅಂತ ಈಗ ಕೇಳ್ಬೇಡ. ನೀನು ಊಟಕ್ಕೆ ಹೋದಾಗ ನಿನ್ನ ಅಡುಗೆಕೋಣೆಗೆ ಹೋಗೋಳು. ಎರಡು ಮೂರು ಸೀಸೆ ತಗೊಂಡು, ನಿನ್ನ ಸ್ಟೂಲ್ ಮೇಲೆ ಐದು ನಿಮಿಷ ಸುಮ್ನೆ ಕೂತು ಬರೋಳು. ಆಮೇಲೆ ಇಲ್ಲಿ, ನನ್ನ ಎದುರಿಗೆ ಕೂತು ನೊಣ ದಾಟಿಸ್ತಿದ್ಲು. ನಿನಗೆ ಹೇಳ್ತೀನಿ ಅಂದೆ. ಬೇಡ, ಅವನಿಗೆ ಸಿಟ್ಟು ಬಂದ್ರೆ ಊರಿಗೆಲ್ಲ ಗೊತ್ತಾಗುತ್ತೆ ಅಂದ್ಲು."

ಗಂಜಿಗೆ ತನ್ನ ಸ್ಟೂಲು ಕಣ್ಣಿಗೆ ಕಟ್ಟಿತು. ಊಟ ಮುಗಿಸಿ ಬಂದು ಎಷ್ಟು ಸೋಮವಾರ ಅದರ ಮೇಲೆ ಕೂತಿದ್ದನೋ! ಬೆಚ್ಚಗಿತ್ತೇ? ನೆನಪಿಲ್ಲ. ನೆನಪೇ ಇಲ್ಲ.

"ಹೋದ ವಾರ ಸೋಮವಾರ ಬಂದ್ಲು. ನಿನ್ನ ಬಾಗಿಲವರೆಗೂ ಹೋಗಿ ಬರಿಗೈಲಿ ವಾಪಸ್ ಬಂದ್ಲು. ಮಾರನೇ ದಿನ ನಾನೇ ನಿನ್ನ ಹತ್ರ ಸೀಸೆ ಇಸ್ಕೊಂಡು ದಾಟಿಸಿದೆ. ಮೊನ್ನೆ ಸೋಮವಾರ ಅವಳು ಬರಲೇ ಇಲ್ಲ. ಅದಕ್ಕೇ ಒಂದು ಸೀಸೆ ಮೇಲೆ ನಿನ್ನ ಕಣ್ಣಿಗೆ ಬೀಳೋ ಹಾಗಿಟ್ಟೆ."

"ಯಾಕೆ? ಬಾಗಿಲಲ್ಲಿ ಏನಿತ್ತು..."

ಮಾತು ಅರ್ಧಕ್ಕೇ ನಿಂತಿತು. ಕೊರಳಲ್ಲಿದ್ದ ಕೀಲಿ ಎದೆಗೆ ಒತ್ತುತ್ತಿತ್ತು. ಕದಿಯುವವರಿಗೆ ಇಲ್ಲಿ ಒಂದು ತೊಟ್ಟೂ ಇಲ್ಲ. ಊರೆಲ್ಲ ಅಪರಾಧಿ ಎಂದಾಗ ತಮ್ಮನೊಬ್ಬ ಅನ್ನುವುದಿಲ್ಲ ಎಂದು ನಂಬಿ ಬಂದವಳು ಅದನ್ನು ಓದಿದ್ದಳು. ಬಂದ ದಾರಿಗೆ ಸುಂಕವಿಲ್ಲ.

ಅವನು ಹಣೆಯನ್ನು ಗೋಡೆಗೆ ಆನಿಸಿದ. ಸಿಟ್ಟು ಬರಲಿಲ್ಲ. ಜೀವನದಲ್ಲಿ ಮೊದಲ ಸಲ, ಬೇಕೆಂದರೂ ಬರಲಿಲ್ಲ.

"ಹೇಗಿದ್ಲಮ್ಮ ಅಕ್ಕ? ನೋಡೋಕೆ?"

"ಸೊರಗಿದ್ಲು. ಆ ಜಡೆ ಇಲ್ಲ ಈಗ. ಗುರುತು ಸಿಗಬಾರದು ಅಂತ ಆ ಸೋಮವಾರವೇ ಇಲ್ಲಿ ಕೂತು, ನನ್ನ ಕತ್ತರೀಲೇ ಕತ್ತಿನವರೆಗೆ ಕತ್ತರಿಸ್ಕೊಂಡ್ಲು. ಇಲ್ಲಿಂದ ಹೊರಗೆ ಹೋದ ಆ ತಲೆಯನ್ನ ನನ್ನ ಬಿಟ್ಟರೆ ಇನ್ನು ಯಾರೂ..."

ಗಂಜಿ ತಲೆಯೆತ್ತಿದ.

ಮೆಟ್ಟಿಲ ಮೇಲಿಂದ ಜವಾನ ಕೂಗುತ್ತಿದ್ದ: "ಲೇ ಗಂಜಿ! ಸಮಿತಿಯವರು ಬೇಗನೇ ಬಂದಿದ್ದಾರೆ. ದೊಡ್ಡಸಾರ್ ಪೆನ್ನು ಹಿಡ್ಕೊಂಡು ನಿನಗೇ ಕಾಯ್ತಿದ್ದಾರೆ!"

ಇನ್ನೊಬ್ಬರು ಆ ತಲೆಯನ್ನು ನೋಡಿದ್ದರು. ಇವತ್ತು ಬೆಳಿಗ್ಗೆ, ನಗುತ್ತ, ಕತ್ತಿನವರೆಗಿನ ಆ ಕೂದಲನ್ನು ಅವನ ಮುಖದ ಮೇಲೇ ಹೇಳಿದ್ದರು.